ಹಟ್ಟಿಗೆ ಬಂದ ಕಿರುಕ್ಯಾಮೆರಾ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಮೌಖಿಕ ಪರಂಪರೆ ಮತ್ತು ಡಿಜಿಟಲ್ ದಾಖಲೀಕರಣ

1. ಪ್ರವೇಶ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಕಿರುಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದರ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಕಂಡರಿಸಿ, 'ಲಿಪಿಕಾರ' ಎಂಬ ವೃತ್ತಿಸೂಚಕ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅರಸನ ಮಾತನ್ನು ಕಲ್ಲಿಗೆ ಇಳಿಸಿದವನು ಯಾರು, ಅವನು ಯಾವ ಕಡೆಯ ಬರಹವನ್ನು ಬಲ್ಲವನು ಎಂಬುದು ಹೀಗೆ ಶಾಸನದ ಭಾಗವೇ ಆಗಿ ಉಳಿದಿದೆ. ಈ ಸೀಮೆಯ ಅತಿ ಪ್ರಾಚೀನ ಲಿಖಿತ ದಾಖಲೆಯು ತನ್ನನ್ನು ದಾಖಲಿಸಿದವನನ್ನೂ ದಾಖಲಿಸಿಕೊಂಡಿದೆ ಎಂಬುದು ಗಮನಾರ್ಹ ಸಂಗತಿ.

ಇದೇ ಸೀಮೆಯ ಮೌಖಿಕ ಪರಂಪರೆಯು ದಾಖಲೆಗೊಂಡ ಚರಿತ್ರೆ ತೀರ ಈಚಿನದು. ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಕಥನಗಳು, ಹೆಣ್ಣುಮಕ್ಕಳ ಸೋಬಾನೆ ಪದಗಳು, ದೇವರೆತ್ತುಗಳ ಸುತ್ತ ಬೆಳೆದ ಆಚರಣೆಗಳು ಮೊದಲು ಟಿಪ್ಪಣಿ ಪುಸ್ತಕಕ್ಕೆ, ಆಮೇಲೆ ಧ್ವನಿ ಕ್ಯಾಸೆಟ್ಟಿಗೆ, ಅದರಿಂದ ಅಚ್ಚಿನ ಸಂಪುಟಕ್ಕೆ ಬಂದವು. ತೀ.ನಂ. ಶಂಕರನಾರಾಯಣ, ಕೃಷ್ಣಮೂರ್ತಿ ಹನೂರು, ಮೀರಾಸಾಬಿಹಳ್ಳಿ ಶಿವಣ್ಣ ಮೊದಲಾದ ವಿದ್ವಾಂಸರ ಕ್ಷೇತ್ರಕಾರ್ಯದಿಂದ ಈ ಸಂಸ್ಕೃತಿಯ ಶಬ್ದರೂಪ ಕನ್ನಡ ಓದುಗರಿಗೆ ದೊರೆತಿದೆ. 1995ರ ನಂತರ ಈ ಸಾಧನಗಳ ಸಾಲಿಗೆ ಮತ್ತೊಂದು ಸೇರಿತು. ಅದು ಒಂದೇ ಕೈಯಲ್ಲಿ ಹಿಡಿಯಬಹುದಾದ ಡಿಜಿಟಲ್ ವಿಡಿಯೊ ಕ್ಯಾಮೆರಾ, ಜನಬಳಕೆಯಲ್ಲಿ 'ಹ್ಯಾಂಡಿಕ್ಯಾಮ್'.

ಈ ಉಪಕರಣವನ್ನು ಕುರಿತ ಬರಹಗಳು ಬಹುಪಾಲು ಅದು ಸ್ವತಂತ್ರ ಚಿತ್ರ ನಿರ್ಮಾಪಕರಿಗೆ ತಂದ ಬಿಡುಗಡೆಯ ಕಥೆಯಾಗಿವೆ. ಆ ಬಿಡುಗಡೆ ನಿಜ. ಆದರೆ ಯಾವುದೇ ಸಾಧನದ ಗುಣವು ಅದು ಎದುರಿಸುವ ವಸ್ತುವಿನಿಂದಲೇ ತೀರ್ಮಾನವಾಗತಕ್ಕದ್ದು. ಯುರೋಪಿನ ಮನೆಯೊಳಗಿನ ಮಾತುಕತೆಗೆ ಒದಗಿದ ಯಂತ್ರವು ಗೊಲ್ಲರಹಟ್ಟಿಯ ರಾತ್ರಿಯ ಹಾಡಿಗೂ ಅದೇ ರೀತಿ ಒದಗಬೇಕೆಂದಿಲ್ಲ. ಅಗ್ಗತನ, ಸಣ್ಣತನ, ನಷ್ಟವಿಲ್ಲದ ಪ್ರತಿ ಎಂಬ ಈ ಕ್ಯಾಮೆರಾದ ಮೂರು ಪ್ರಮುಖ ಹೆಗ್ಗಳಿಕೆಗಳನ್ನು ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಪ್ರದರ್ಶನ ಪರಂಪರೆಯ ಎದುರಿಗಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಉಪಕರಣದ ಸ್ವರೂಪ

ಸೋನಿ ಸಂಸ್ಥೆಯ ಡಿಸಿಆರ್–ವಿಎಕ್ಸ್1000 ಕ್ಯಾಮೆರಾ 1995ರಲ್ಲಿ ಮಾರುಕಟ್ಟೆಗೆ ಬಂದಿತು. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದರಂತೆ ಮೂರು ಸಿಸಿಡಿ ಸಂವೇದಕಗಳು, ಮಿನಿ ಡಿವಿ ಎಂಬ ಪುಟ್ಟ ಟೇಪು, ಗಣಕಕ್ಕೆ ನೇರವಾಗಿ ಜೋಡಿಸಬಲ್ಲ ಫೈರ್‌ವೈರ್ ಕಿಂಡಿ ಇವು ಅದರ ವಿಶೇಷಗಳು. ಟೇಪಿನ ಅಗಲ 6.35 ಮಿಲಿಮೀಟರ್. ಸಾಮಾನ್ಯ ಟೇಪಿನ ಅವಧಿ 60 ನಿಮಿಷ. ಚಿತ್ರವನ್ನು ಸುಮಾರು ಐದರಲ್ಲೊಂದು ಪಾಲಿಗೆ ಕುಗ್ಗಿಸಿ, ಸೆಕೆಂಡಿಗೆ 25 ಮೆಗಾಬಿಟ್ ದರದಲ್ಲಿ ಅದು ದಾಖಲಿಸುತ್ತಿತ್ತು. ಅನಂತರ ಮಸೂರ ಬದಲಾಯಿಸಬಹುದಾದ ಕ್ಯಾನನ್ ಎಕ್ಸ್ಎಲ್1, 2000ದಲ್ಲಿ ಸೋನಿ ಪಿಡಿ150, 2002ರಲ್ಲಿ ಸೆಕೆಂಡಿಗೆ 24 ಪೂರ್ಣ ಚೌಕಟ್ಟುಗಳನ್ನು ಹಿಡಿಯಬಲ್ಲ ಪ್ಯಾನಸೋನಿಕ್ ಡಿವಿಎಕ್ಸ್100 ಬಂದವು. ಇವೆಲ್ಲ ಒಂದೇ ಕುಲದ ಯಂತ್ರಗಳು.

ಲಾರ್ಸ್ ವಾನ್ ಟ್ರಿಯರ್ ಅವರ 'ದಿ ಈಡಿಯಟ್ಸ್' (1998), ಡೇವಿಡ್ ಲಿಂಚ್ ಅವರ 'ಇನ್‌ಲ್ಯಾಂಡ್ ಎಂಪೈರ್' (2006) ಈ ಬಗೆಯ ಕ್ಯಾಮೆರಾಗಳಿಂದ ರೂಪುಗೊಂಡ ಕಥಾಚಿತ್ರಗಳು. ದಾಖಲೀಕರಣದ ದೃಷ್ಟಿಯಿಂದ ಹೆಚ್ಚು ಮುಖ್ಯವಾದವು ಬೇರೆ ಎರಡು. ಆನ್ಯೆಸ್ ವಾರ್ದಾ ಅವರ 'ದಿ ಗ್ಲೀನರ್ಸ್ ಅಂಡ್ ಐ' (2000) ಚಿತ್ರವು ಕೊಯ್ಲು ಮುಗಿದ ಹೊಲದಲ್ಲಿ ಉಳಿದದ್ದನ್ನು ಆಯ್ದುಕೊಳ್ಳುವವರ ನಡುವೆ ಸಣ್ಣ ಕ್ಯಾಮೆರಾ ಹಿಡಿದು ನಡೆದಾಡುತ್ತದೆ. ಚೀನಾದ ವಾಂಗ್ ಬಿಂಗ್ ಅವರು ಮುಚ್ಚಿಹೋಗುತ್ತಿದ್ದ ಕಾರ್ಖಾನೆ ಪ್ರದೇಶವೊಂದರಲ್ಲಿ ಒಂಟಿಯಾಗಿ ಚಿತ್ರಿಸಿ, ಸುಮಾರು ಒಂಬತ್ತು ಗಂಟೆಗಳ 'ವೆಸ್ಟ್ ಆಫ್ ದಿ ಟ್ರ್ಯಾಕ್ಸ್' ಚಿತ್ರವನ್ನು ಕಟ್ಟಿದರು. ಭಾರತದಲ್ಲಿ 2004ರ ಮುಂಬಯಿ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಭಾರತೀಯ ಚಿತ್ರಗಳು ಸೆನ್ಸಾರ್ ಪ್ರಮಾಣಪತ್ರ ತರಬೇಕೆಂಬ ನಿಯಮ ಹುಟ್ಟಿದಾಗ ಸಾಕ್ಷ್ಯಚಿತ್ರಕಾರರು ಅದನ್ನು ಪ್ರತಿಭಟಿಸಿ 'ವಿಕಲ್ಪ್' ಎಂಬ ಪರ್ಯಾಯ ಪ್ರದರ್ಶನವನ್ನು ನಡೆಸಿದರು. ಚಿತ್ರ ತಯಾರಿಕೆಯು ಪ್ರಯೋಗಾಲಯ ಮತ್ತು ಸ್ಟುಡಿಯೊಗಳ ಹಿಡಿತದಿಂದ ಹೊರಬಂದಿತ್ತೆಂಬುದಕ್ಕೂ ಆ ಪ್ರಸಂಗ ಸಾಕ್ಷಿ.

ಈ ಉದಾಹರಣೆಗಳಿಂದ ಸ್ಪಷ್ಟವಾಗುವ ಅಂಶ ಒಂದಿದೆ. ಕಿರುಕ್ಯಾಮೆರಾದ ನಿಜವಾದ ಕೊಡುಗೆ ಚಿತ್ರದ ಅಂದವಲ್ಲ. ಅದು ಒದಗಿಸಿದ ಕಾಲಾವಕಾಶ. 16 ಮಿಲಿಮೀಟರ್ ಫಿಲ್ಮಿನ 400 ಅಡಿಯ ಸುರುಳಿ ಓಡುವುದು ಸುಮಾರು 11 ನಿಮಿಷ. ಒಂದು ಗಂಟೆಯ ಹಾಡಿಗೆ ಐದಾರು ಸುರುಳಿ, ಅದರ ಸಂಸ್ಕರಣೆ, ಅದರ ಮುದ್ರಣ ಬೇಕು. ಅಷ್ಟು ವೆಚ್ಚ ಮಾಡುವವನು ಹಾಡುವವರನ್ನು ಮಧ್ಯದಲ್ಲಿ ತಡೆಯದೆ ಬೇರೆ ದಾರಿಯಿಲ್ಲ. ಮಿನಿ ಡಿವಿಯು ಆ ತಡೆಯನ್ನು ಗಂಟೆಗೊಮ್ಮೆ ಎನ್ನುವಷ್ಟು ದೂರಕ್ಕೆ ತಳ್ಳಿತು.

3. ಕಾಲ: ಅರವತ್ತು ನಿಮಿಷ ಮತ್ತು ಬೆಳಗಿನತನಕದ ಹಾಡು

ಕರ್ನಾಟಕದಲ್ಲಿ ಮೌಖಿಕ ಮಹಾಕಾವ್ಯವನ್ನು ವಿಡಿಯೊ ಸಹಿತ ದಾಖಲಿಸಿದ ಗಣ್ಯ ಪ್ರಯತ್ನ ಮಿನಿ ಡಿವಿಗಿಂತ ಹಿಂದಿನದು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಸಹಯೋಗದಲ್ಲಿ ತುಳುವಿನ ಸಿರಿ ಕಾವ್ಯವನ್ನು ಗೋಪಾಲ ನಾಯ್ಕರಿಂದ ಹಲವು ದಿನಗಳ ಕಾಲ ಕೇಳಿ ದಾಖಲಿಸಿಕೊಂಡರು. 1998ರಲ್ಲಿ ಪ್ರಕಟವಾದ ಆ ಪಠ್ಯದಲ್ಲಿ 15,683 ಸಾಲುಗಳಿವೆ. ಒಬ್ಬ ಗಾಯಕನ ಕಾವ್ಯವನ್ನು ಅವನ ಗತಿಯಲ್ಲಿಯೇ ಪೂರ್ಣವಾಗಿ ಕೇಳಿಸಿಕೊಳ್ಳುವ ತಾಳ್ಮೆಯನ್ನು ಅಂತಾರಾಷ್ಟ್ರೀಯ ಯೋಜನೆಯೊಂದು ಒದಗಿಸಿತು ಎಂಬುದು ಅದರ ಹಿರಿಮೆ. ಅಂಥ ಯೋಜನೆಯ ಬೆಂಬಲವಿಲ್ಲದ ತಾಲ್ಲೂಕುಮಟ್ಟದ ಸಂಶೋಧಕನಿಗೂ ಅದೇ ತಾಳ್ಮೆಯನ್ನು ಕಿರುಕ್ಯಾಮೆರಾ ಕೈಗೆಟಕುವಂತೆ ಮಾಡಿತು ಎಂಬುದು ಸೈದ್ಧಾಂತಿಕವಾಗಿ ಸರಿ.

ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲ ಗಾಯಕಿ ನಾಡೋಜ ಸಿರಿಯಜ್ಜಿಯ ನಿದರ್ಶನವನ್ನು ಇಲ್ಲಿ ಪರಿಭಾವಿಸಬೇಕು. ಸಾವಿರಾರು ಪದಗಳನ್ನು ನೆನಪಿನಲ್ಲಿ ಹೊತ್ತಿದ್ದ ಈ ಅನಕ್ಷರಸ್ಥ ಹೆಣ್ಣುಮಗಳ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿ ಸಂಪಾದಿಸಿದ್ದಾರೆ. ಅಚ್ಚಿನಲ್ಲಿ ಆ ಪದಗಳು ಒಂದರ ಕೆಳಗೊಂದು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳ ಕಾವ್ಯಗುಣ ಅದರಿಂದ ಕುಂದಿಲ್ಲ. ಆದರೆ ಸೋಬಾನೆಯ ಪದ ಒಬ್ಬಳ ಬಾಯಿಂದ ಹೊರಟು ಇನ್ನೊಬ್ಬಳ ಬಾಯಲ್ಲಿ ಮುಗಿಯುವಂಥದು. ಮುಂದೆ ಹೇಳುವವಳು ಮತ್ತು ಸೊಲ್ಲು ಹಿಡಿಯುವವರ ನಡುವೆ ಉಸಿರಿನ ಹಂಚಿಕೆ ಇರುತ್ತದೆ. ಹಿಂದಿನವರು ಎಳೆದು ಹಾಡುವಷ್ಟರಲ್ಲಿ ಮುಂದಿನವಳು ಮುಂದಿನ ನುಡಿಯನ್ನು ನೆನಪಿನಿಂದ ಎತ್ತಿಕೊಳ್ಳುತ್ತಾಳೆ. ಪುನರುಕ್ತಿಯೆಂದು ಸಂಪಾದಕರು ಬಿಡಬಹುದಾದ ಸಾಲು ಪ್ರದರ್ಶನದಲ್ಲಿ ನೆನಪಿನ ಊರುಗೋಲು. ಇದನ್ನು ಧ್ವನಿ ಟೇಪು ಕೇಳಿಸಬಲ್ಲುದು. ಯಾರು ಯಾರ ಮುಖ ನೋಡಿ ಸೊಲ್ಲು ಎತ್ತಿದರು ಎಂಬುದನ್ನು ಚಲಿಸುವ ಚಿತ್ರವೊಂದೇ ತೋರಿಸಬಲ್ಲುದು.

ಹಾಗಿದ್ದರೂ ಅರವತ್ತು ನಿಮಿಷವೂ ಒಂದು ಗಡುವೇ. ಪಿಡಿ150ಯಲ್ಲಿ ಡಿವಿಕ್ಯಾಮ್ ವಿಧಾನವನ್ನು ಆರಿಸಿಕೊಂಡರೆ ಟೇಪು ಹೆಚ್ಚು ವೇಗವಾಗಿ ಓಡುವುದರಿಂದ ಅದೇ ಟೇಪಿಗೆ 40 ನಿಮಿಷ ಮಾತ್ರ ದೊರೆಯುತ್ತದೆ. ಟೇಪು ಬದಲಾಯಿಸುವ ಹೊತ್ತಿನಲ್ಲಿ ಹಾಡು ನಿಲ್ಲುವುದಿಲ್ಲ. ನಿಲ್ಲಿಸಿದರೆ ಅದು ಹಾಡಾಗಿ ಉಳಿಯುವುದಿಲ್ಲ. ಎರಡು ಕ್ಯಾಮೆರಾಗಳನ್ನು ಸಮಯ ತಪ್ಪಿಸಿ ಓಡಿಸುವುದು, ಇಲ್ಲವೇ ಬೇರೊಂದು ಧ್ವನಿಯಂತ್ರವನ್ನು ಸತತವಾಗಿ ಓಡಿಸಿ ಖಾಲಿಯನ್ನು ತುಂಬುವುದು ಇದಕ್ಕೆ ಪರಿಹಾರ. ಟೇಪು ಅಗ್ಗವೆಂಬ ಒಂದೇ ಕಾರಣದಿಂದ ದಾಖಲೆ ಪೂರ್ಣವಾಗದು.

ಇದಕ್ಕಿಂತ ಗಂಭೀರವಾದ ಲೋಪ ಸಂಕಲನದಲ್ಲಿದೆ. ಒಂದು ಗಂಟೆಯ ಡಿವಿ ಚಿತ್ರಿಕೆಯು ಗಣಕದಲ್ಲಿ ಸುಮಾರು 13 ಗಿಗಾಬೈಟ್ ಜಾಗ ಬೇಡುತ್ತದೆ. 2000ದ ಸುಮಾರಿನ ಗೃಹಬಳಕೆಯ ಗಣಕದಲ್ಲಿ ಎರಡು ಟೇಪು ತುಂಬಿದರೆ ಡಿಸ್ಕ್ ತುಂಬುತ್ತಿತ್ತು. ಆದ್ದರಿಂದ ಬೇಕಾದ ತುಣುಕನ್ನು ಮಾತ್ರ ಇಳಿಸಿಕೊಂಡು, ಉಳಿದದ್ದನ್ನು ಟೇಪಿನಲ್ಲೇ ಬಿಡುವ ರೂಢಿ ಬೆಳೆಯಿತು. ದೂರದರ್ಶನದ ಅರ್ಧಗಂಟೆಯ ಅವಧಿಗೆ ಹೊಂದುವಂತೆ ಕತ್ತರಿಸಿದ ಸಾಕ್ಷ್ಯಚಿತ್ರದಲ್ಲಿ ಗಾಯಕಿಯ ಎರಡು ನುಡಿ, ಮೇಲೆ ನಿರೂಪಕನ ವಿವರಣೆ, ಮುಂದೆ ಗುಡ್ಡದ ಮೇಲಿನ ಸೂರ್ಯಾಸ್ತ ಹೀಗೆ ಒಂದು ಮಾದರಿ ನಿಂತುಹೋಯಿತು. ಇಂಥ ಚಿತ್ರವು ಹಳೆಯ ಆಯ್ದ ಪದಗಳ ಸಂಕಲನವನ್ನೇ ಬೇರೆ ರೂಪದಲ್ಲಿ ಮುಂದುವರಿಸುತ್ತದೆ. ಕಾಲಾವಕಾಶವನ್ನು ಕೊಟ್ಟ ಯಂತ್ರದಿಂದಲೇ ಕಾಲವನ್ನು ಕಳೆದುಕೊಂಡಂತಾಯಿತು. ದಾಖಲೆ ಮತ್ತು ಸಾಕ್ಷ್ಯಚಿತ್ರ ಎರಡೂ ಬೇಕು. ಒಂದನ್ನು ಇನ್ನೊಂದೆಂದು ಭ್ರಮಿಸುವುದು ಸಂಶೋಧನೆಗೆ ಹಾನಿಕರ.

ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಕ್ಯಾತೇದೇವರ ಜಾತ್ರೆ ಇದಕ್ಕೆ ಉತ್ತಮ ನಿದರ್ಶನ. ಮುಳ್ಳುಕಂಟಿಗಳನ್ನು ಒಟ್ಟಿ ಎತ್ತರವಾಗಿ ಕಟ್ಟಿದ ಗುಡಿಯನ್ನು ಕಾಡುಗೊಲ್ಲರು ಬರಿಗಾಲಿನಲ್ಲಿ ಏರಿ ಕಳಶವನ್ನು ಇಳಿಸುತ್ತಾರೆ. ಸುದ್ದಿಯ ಕ್ಯಾಮೆರಾಕ್ಕೆ ಬೇಕಾದದ್ದು ಏರುವ ಆ ಕೆಲವು ನಿಮಿಷಗಳು. ಆದರೆ ಆಚರಣೆಯ ಅರ್ಥ ಇರುವುದು ಆ ನಿಮಿಷಗಳಲ್ಲಿ ಮಾತ್ರವಲ್ಲ. ಕಂಟಿಯನ್ನು ಕಡಿಯುವ ಹಕ್ಕು ಯಾರದು, ಹೊತ್ತು ತರುವವರು ಯಾರು, ಕಟ್ಟುವ ಕ್ರಮವೇನು, ಏರುವವರು ಯಾವ ನೇಮದಲ್ಲಿರುತ್ತಾರೆ, ಯಾರು ದೂರ ನಿಲ್ಲುತ್ತಾರೆ ಎಂಬುವುಗಳಲ್ಲಿ ಬುಡಕಟ್ಟಿನ ಸಾಮಾಜಿಕ ರಚನೆ ಗೋಚರವಾಗುತ್ತದೆ. ಏರುವ ದೃಶ್ಯವನ್ನು ಮಾತ್ರ ಹಿಡಿದ ಚಿತ್ರವು ಆಚರಣೆಯನ್ನು ಸಾಹಸಪ್ರದರ್ಶನವನ್ನಾಗಿಸುತ್ತದೆ. ಕಟ್ಟುವ ಕಾರ್ಯವನ್ನು ಬೇಸರವಿಲ್ಲದೆ ಹಿಡಿದ ಚಿತ್ರವು ಅದನ್ನು ಸಂಸ್ಥೆಯಾಗಿ ತೋರಿಸುತ್ತದೆ.

4. ಬೆಳಕು, ಬಣ್ಣ, ದನಿ

ಚಳ್ಳಕೆರೆ–ಮೊಳಕಾಲ್ಮೂರು ಸೀಮೆ ರಾಜ್ಯದ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಹಗಲಿನ ಬಿಸಿಲು ನೆತ್ತಿಯಿಂದ ಸುರಿಯುವಂಥದು. ಡಿವಿ ಕ್ಯಾಮೆರಾವು ಹಿಡಿಯಬಲ್ಲ ನೆರಳು–ಬೆಳಕಿನ ಅಂತರ ಫಿಲ್ಮಿಗಿಂತ ಕಡಿಮೆ. ಕರಿಯ ಕಂಬಳಿ ಹೊದ್ದು ಬಿಳಿಯ ರುಮಾಲು ಸುತ್ತಿದ ಕುರಿಗಾಹಿಯನ್ನು ಮಧ್ಯಾಹ್ನ ಚಿತ್ರಿಸಿದರೆ ರುಮಾಲು ಬೆಳ್ಳಗೆ ಸುಟ್ಟುಹೋಗುತ್ತದೆ, ಇಲ್ಲವೇ ಮುಖ ಕಪ್ಪಾಗುತ್ತದೆ. ಕಪ್ಪು ಮೈಬಣ್ಣದ ಮುಖಗಳನ್ನು ತಿದ್ದಿ ತೋರಿಸಬೇಕಾದರೆ ಸ್ವಯಂಚಾಲಿತ ವ್ಯವಸ್ಥೆಯನ್ನು ಆರಿಸಿ, ಕೈಯಿಂದ ಬೆಳಕಿನ ಪ್ರಮಾಣವನ್ನು ನಿಗದಿಪಡಿಸುವ ಎಚ್ಚರ ಬೇಕು. ಆ ಎಚ್ಚರವಿಲ್ಲದೆ ತೆಗೆದ ಚಿತ್ರದಲ್ಲಿ ಗುಡ್ಡ ಸ್ಪಷ್ಟವಾಗಿಯೂ ಮನುಷ್ಯ ಅಸ್ಪಷ್ಟವಾಗಿಯೂ ಕಾಣುತ್ತಾನೆ.

ರಾತ್ರಿಯ ಸಮಸ್ಯೆ ಇದರ ವಿರುದ್ಧ ದಿಕ್ಕಿನದು. ಪಂಜು, ದೀಪಗಳ ಬೆಳಕಿನಲ್ಲಿ ಕ್ಯಾಮೆರಾದ ಸಂವೇದನೆಯನ್ನು ಏರಿಸಿದರೆ ಚಿತ್ರದ ತುಂಬ ಹುಡಿ ಎರಚಿದಂತೆ ಕಣಗಳು ಏಳುತ್ತವೆ. ಅದನ್ನು ತಪ್ಪಿಸಲು ಹ್ಯಾಲೊಜನ್ ದೀಪ ಹಚ್ಚಿದರೆ ಕತ್ತಲೆಯೊಂದಿಗೆ ಆಚರಣೆಯ ವಾತಾವರಣವೂ ಓಡಿಹೋಗುತ್ತದೆ. ಹುಡಿಯೆದ್ದ ಚಿತ್ರವೇ ಇಲ್ಲಿ ಹೆಚ್ಚು ಪ್ರಾಮಾಣಿಕ. ಅಂದದ ಮಾನದಂಡದಿಂದ ಅಂಥ ಟೇಪನ್ನು 'ಪ್ರಸಾರಯೋಗ್ಯವಲ್ಲ'ವೆಂದು ಬದಿಗೊತ್ತುವುದು ಸಂಶೋಧನ ದೃಷ್ಟಿಯಿಂದ ಅವಿವೇಕ.

ಬಣ್ಣದ ವಿಷಯದಲ್ಲಿ ಮೊಳಕಾಲ್ಮೂರಿನ ರೇಷ್ಮೆಯೇ ಪರೀಕ್ಷೆಯ ಕಲ್ಲು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಲ್ಲಿನ ಸೀರೆಗಳ ಸೊಗಸು ಒಡಲು ಮತ್ತು ಅಂಚಿನ ಬಣ್ಣಗಳ ಎದುರುಬದುರಿನಲ್ಲಿದೆ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಡಿವಿಯಲ್ಲಿ ಚೌಕಟ್ಟು 720 × 576 ಬಿಂದುಗಳದು. ಆದರೆ ಬಣ್ಣದ ಮಾಹಿತಿಯನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧದಷ್ಟು ಬಿಂದುಗಳಿಗೆ ಮಾತ್ರ ಉಳಿಸಿಕೊಳ್ಳಲಾಗುತ್ತದೆ. ನಾಲ್ಕು ಬಿಂದುಗಳಿಗೆ ಬೆಳಕು ನಾಲ್ಕು, ಬಣ್ಣ ಒಂದು. ಇದರಿಂದ ಕಡುಗೆಂಪು ಅಂಚು ಹಸಿರು ಒಡಲನ್ನು ಸೇರುವ ಗೆರೆ, ನೇಕಾರನ ಕೈಚಳಕವೆಲ್ಲ ಇರುವ ಆ ಗೆರೆಯೇ, ಚಿತ್ರದಲ್ಲಿ ಕಲಸಿದಂತೆ ಕಾಣುತ್ತದೆ. ಮಗ್ಗದ ಮುಂದೆ ಕೂತವನ ಕೈಯ ಲಯ, ಲಾಳಿಯ ಓಟ, ಅಣಿಯ ಕಟ್ಟುಗಳ ಏರಿಳಿತ ಇವನ್ನು ಡಿವಿ ಚೆನ್ನಾಗಿ ಹಿಡಿಯುತ್ತದೆ. ನೇಯ್ದ ವಸ್ತುವನ್ನು ಹಿಡಿಯದು. ಆದ್ದರಿಂದ ನೇಯ್ಗೆಯ ದಾಖಲೆಗೆ ವಿಡಿಯೊ ಜೊತೆಗೆ ಸ್ಥಿರಚಿತ್ರಗಳೂ ಬಟ್ಟೆಯ ಮಾದರಿಗಳೂ ಇರಲೇಬೇಕು.

ದನಿಯ ಮಾತು ಇನ್ನೂ ಸೂಕ್ಷ್ಮ. ವಿಎಕ್ಸ್1000ರ ಮೈಕು ಯಂತ್ರದ ಮೇಲೆಯೇ ಇದ್ದು, ಟೇಪು ತಿರುಗಿಸುವ ಮೋಟಾರಿನ ಸದ್ದನ್ನೂ ಹಿಡಿಯುತ್ತದೆ. ಪಿಡಿ150ಯಲ್ಲಿ ವೃತ್ತಿಪರ ಮೈಕು ಜೋಡಿಸುವ ಕಿಂಡಿಗಳು ಬಂದವು. ಆದರೆ ದನಿಯ ಮಟ್ಟವನ್ನು ಯಂತ್ರವೇ ಹೊಂದಿಸಿಕೊಳ್ಳುವಂತೆ ಬಿಟ್ಟರೆ ತೊಂದರೆ ತಪ್ಪದು. ಮ್ಯಾಸಬೇಡರ ಉತ್ಸವದಲ್ಲಿ ಉರುಮೆ ಮೊಳಗಿದೊಡನೆ ಯಂತ್ರ ತನ್ನ ಕಿವಿಯನ್ನು ಮುಚ್ಚಿಕೊಳ್ಳುತ್ತದೆ. ಉರುಮೆ ನಿಂತಾಗ ಕಿವಿ ತೆರೆದು ಜನಜಂಗುಳಿಯ ಗದ್ದಲವನ್ನು ಎತ್ತಿ ಕೇಳಿಸುತ್ತದೆ. ಪೂಜಾರಿಯ ಮೆಲುದನಿಯ ಹೇಳಿಕೆ ಇವೆರಡರ ನಡುವೆ ಅಡಗಿಹೋಗುತ್ತದೆ. ಆಂಧ್ರದ ಗಡಿಗೆ ತಗುಲಿದ ಈ ಸೀಮೆಯಲ್ಲಿ ಒಂದೇ ಸಂದರ್ಭದಲ್ಲಿ ಕನ್ನಡ ಮತ್ತು ತೆಲುಗುಗಳೆರಡೂ ಆಡಲ್ಪಡುತ್ತವೆ. ಯಾವ ಮಾತು ದೇವರಿಗೆ, ಯಾವುದು ನೆಂಟನಿಗೆ ಎಂಬ ಭೇದವನ್ನು ಗುರುತಿಸಲು ಸ್ಪಷ್ಟವಾದ ದನಿ ಅತ್ಯಗತ್ಯ. ಚಿತ್ರ ಮಂಕಾದರೆ ಸಹಿಸಬಹುದು. ದನಿ ಕಳೆದರೆ ಮೌಖಿಕ ಪರಂಪರೆಯ ದಾಖಲೆಯೆಂಬ ಹೆಸರೇ ಸಲ್ಲದು.

5. ಸಣ್ಣತನದ ನೈತಿಕತೆ

ದೊಡ್ಡ ಕ್ಯಾಮೆರಾ ತನ್ನ ಆಗಮನವನ್ನು ತಾನೇ ಸಾರುತ್ತದೆ. ಮುಕ್ಕಾಲಿ, ದೀಪ, ಜನರೇಟರು, ಐದಾರು ಮಂದಿ ಸಹಾಯಕರು ಬಂದಿಳಿದಾಗ ಹಟ್ಟಿಯವರು ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸಲು ಅವಕಾಶವಿರುತ್ತದೆ. ಕಿರುಕ್ಯಾಮೆರಾದ ಮೆಚ್ಚುಗೆಯ ಗುಣವಾದ 'ಕಣ್ಣಿಗೆ ಬೀಳದಿರುವಿಕೆ' ಆ ಅವಕಾಶವನ್ನು ಕಿತ್ತುಕೊಳ್ಳಬಲ್ಲುದು. ಯಂತ್ರದ ನೆತ್ತಿಯ ಹಿಡಿಕೆಯನ್ನು ಹಿಡಿದು ಮೊಣಕಾಲಿನ ಮಟ್ಟದಲ್ಲಿ ಒಯ್ಯುತ್ತಿದ್ದರೆ ಚಿತ್ರಣ ನಡೆದಿದೆಯೆಂಬುದು ಎದುರಿನವರಿಗೆ ತಿಳಿಯದು. ನಗರದ ಸ್ವತಂತ್ರ ಚಿತ್ರಕಾರನಿಗೆ ಅಧಿಕಾರಸ್ಥರ ಎದುರು ಇದು ಆಯುಧ. ಹಟ್ಟಿಯ ಹೆಣ್ಣುಮಗಳ ಎದುರು ಅದೇ ಆಯುಧ ಬೇರೆ ಅರ್ಥ ಪಡೆಯುತ್ತದೆ.

ಗೊಲ್ಲರಹಟ್ಟಿಗಳಲ್ಲಿ ಮುಟ್ಟು ಮತ್ತು ಬಾಣಂತನದ ಕಾಲದಲ್ಲಿ ಹೆಣ್ಣುಮಕ್ಕಳನ್ನು ಹೊರಗಿಡುವ ರೂಢಿಯ ಬಗೆಗಿನ ಚಿತ್ರಣಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಆ ರೂಢಿ ಪ್ರಶ್ನಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಪ್ರಶ್ನಿಸುತ್ತಿರುವವರಲ್ಲಿ ಅದೇ ಸಮುದಾಯದ ವಿದ್ಯಾವಂತ ಹೆಣ್ಣುಮಕ್ಕಳೂ ಇದ್ದಾರೆ. ಆದರೆ ಗುಡಿಸಲಿನ ಮುಂದೆ ಮಗುವಿನೊಂದಿಗೆ ಕೂತ ಬಾಣಂತಿಯ ಮುಖವನ್ನು ಅವಳ ಅನುಮತಿಯಿಲ್ಲದೆ ಹತ್ತಿರಕ್ಕೆ ಎಳೆದು ತೋರಿಸುವುದು ಅವಳ ಪರವಾದ ವಾದವಲ್ಲ. ಹಾಗೆಯೇ, ಅಂಥ ಯಾವುದನ್ನೂ ಚೌಕಟ್ಟಿನೊಳಗೆ ಬಿಟ್ಟುಕೊಳ್ಳದೆ ಹಾಡು, ಕುಣಿತ, ಮುಗ್ಧತೆಗಳನ್ನಷ್ಟೇ ಆರಿಸುವ ಚಿತ್ರವೂ ಸತ್ಯಸಂಧವಲ್ಲ. ಮೊದಲನೆಯದು ಸಮುದಾಯವನ್ನು ಮೌಢ್ಯದ ಮಾದರಿಯನ್ನಾಗಿಸುತ್ತದೆ, ಎರಡನೆಯದು ಸಂಸ್ಕೃತಿಯ ವಸ್ತುಪ್ರದರ್ಶನವನ್ನಾಗಿಸುತ್ತದೆ. ಎರಡರಲ್ಲಿಯೂ ಕಾಣೆಯಾಗುವುದು ತನ್ನ ಬದುಕಿನ ಬಗ್ಗೆ ತಾನೇ ಮಾತಾಡುವ ಹೆಣ್ಣಿನ ದನಿ. ಸೋಬಾನೆ ಹಾಡುವ ಬಾಯಿಯೂ ಹೊರಗೆ ಕೂರಿಸಲ್ಪಟ್ಟ ಮೈಯೂ ಒಬ್ಬಳದೇ ಆಗಿರುವಾಗ ಎರಡನ್ನೂ ಒಂದೇ ದಾಖಲೆಯಲ್ಲಿ ಹಿಡಿಯುವ ಧೈರ್ಯ ವಿಮರ್ಶೆಯು ನಿರೀಕ್ಷಿಸಬೇಕಾದದ್ದು.

ಯಂತ್ರದ ರಚನೆಯಲ್ಲಿಯೇ ಈ ಪ್ರಶ್ನೆಗೆ ಸಂಬಂಧಿಸಿದ ಬದಲಾವಣೆಯೊಂದು ಸಂಭವಿಸಿತು. ವಿಎಕ್ಸ್1000ಕ್ಕೆ ಪಕ್ಕದ ಪರದೆ ಇರಲಿಲ್ಲ. ಚಿತ್ರವನ್ನು ನೋಡುವ ಕಿಂಡಿ ಕ್ಯಾಮೆರಾ ಹಿಡಿದವನ ಕಣ್ಣಿಗೆ ಮಾತ್ರ ತೆರೆದಿತ್ತು. 2000ದ ಪಿಡಿ150ಯಲ್ಲಿ ಬಿಚ್ಚಿ ತಿರುಗಿಸಬಹುದಾದ ಪುಟ್ಟ ಪರದೆ ಬಂದಿತು. ಟೇಪನ್ನು ಹಿಂದಕ್ಕೆ ಸುತ್ತಿ, ಹಾಡಿದವರಿಗೆ ಅವರ ಹಾಡನ್ನು ಅಲ್ಲಿಯೇ ತೋರಿಸಲು ಸಾಧ್ಯವಾಯಿತು. ಇದನ್ನು ಸೌಕರ್ಯವೆಂದಷ್ಟೇ ಕಾಣಲಾಗದು. ತನ್ನ ಹಾಡನ್ನು ತಾನೇ ನೋಡಿದ ಗಾಯಕಿ 'ಇಲ್ಲಿ ಒಂದು ನುಡಿ ಬಿಟ್ಟೆ' ಎನ್ನಬಹುದು, 'ಇದನ್ನು ತೋರಿಸಬೇಡಿ' ಎನ್ನಬಹುದು. ಆ ತಿದ್ದುಪಡಿಯನ್ನೂ ಆ ನಿರಾಕರಣೆಯನ್ನೂ ದಾಖಲೆಯ ಭಾಗವಾಗಿ ಸ್ವೀಕರಿಸಿದಾಗ ಮಾತ್ರ 'ಮಾಹಿತಿದಾರ' ಎಂಬ ಪದವು 'ಸಹಸಂಶೋಧಕ' ಎಂಬ ಪದಕ್ಕೆ ಎಡೆಗೊಡುತ್ತದೆ.

6. ಹಿನ್ನೆಲೆಯೇ ಸಾಕ್ಷಿಯಾದಾಗ

ಯಾವುದನ್ನು ತೋರಿಸಬೇಕೆಂದು ಕ್ಯಾಮೆರಾ ಹಿಡಿದವನು ಬಯಸುವನೋ ಅದರ ಜೊತೆಗೆ ಅವನು ಬಯಸದ್ದನ್ನೂ ಯಂತ್ರ ಹಿಡಿಯುತ್ತದೆ. ಇದು ಅಚ್ಚಿನ ಪಠ್ಯಕ್ಕಿಲ್ಲದ ಗುಣ. ಚಳ್ಳಕೆರೆಯ ಕಾವಲುಗಳ ಸಂದರ್ಭದಲ್ಲಿ ಈ ಗುಣಕ್ಕೆ ವಿಶೇಷ ಮಹತ್ವವಿದೆ.

ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗಾಗಿ ಮೀಸಲಾಗಿದ್ದ ಹುಲ್ಲುಗಾವಲುಗಳು ಈ ತಾಲ್ಲೂಕಿನಲ್ಲಿ ವಿಸ್ತಾರವಾಗಿದ್ದವು. ಉಳ್ಳಾರ್ತಿ ಕಾವಲು, ವರವು ಕಾವಲು ಮತ್ತು ಕುದಾಪುರದ ಸುತ್ತಣ ಬಯಲುಗಳಲ್ಲಿ ಸುತ್ತಲಿನ ಹಳ್ಳಿಗಳ ದನ, ಕುರಿಗಳು ಮೇಯುತ್ತಿದ್ದವು. ಉಳುಮೆಗೆ ಹೂಡದ ದೇವರೆತ್ತುಗಳ ಹಿಂಡನ್ನು ಕಿಲಾರಿಗಳು ಮೇಯಿಸಿಕೊಂಡು ತಿರುಗುವ ಮ್ಯಾಸಬೇಡರ ಸಂಸ್ಕೃತಿಯು ಇಂಥ ಬಯಲುಗಳನ್ನು ಆಧರಿಸಿದ್ದು. ಚಳ್ಳಕೆರೆಯ ಕಂಬಳಿ ನೇಯ್ಗೆಯ ಬೇರೂ ಈ ಕುರಿಗಾವಲಿನಲ್ಲಿದೆ. 2007ರ ನಂತರದ ಕೆಲವೇ ವರ್ಷಗಳಲ್ಲಿ ಇದರಲ್ಲಿ ಸುಮಾರು 10,000 ಎಕರೆ ಭೂಮಿಯನ್ನು ವೈಜ್ಞಾನಿಕ ಮತ್ತು ರಕ್ಷಣಾ ಸಂಸ್ಥೆಗಳಿಗೂ ಇತರ ಉದ್ದೇಶಗಳಿಗೂ ಹಂಚಲಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ದೊರೆತವು. ಭಾಭಾ ಅಣು ಸಂಶೋಧನ ಕೇಂದ್ರ ಮತ್ತು ಇಸ್ರೊ ಕೂಡ ಇಲ್ಲಿ ಭೂಮಿ ಪಡೆದವು. ಗೋಡೆಗಳು ಎದ್ದವು, ಗ್ರಾಮಸ್ಥರು ಪ್ರತಿಭಟಿಸಿದರು, ವಿವಾದ ಹಸಿರು ನ್ಯಾಯಮಂಡಳಿಯನ್ನು ಮುಟ್ಟಿ 2014ರಲ್ಲಿ ತೀರ್ಪು ಬಂದಿತು. 2017ರಲ್ಲಿ ಇಲ್ಲಿ ವೈಮಾನಿಕ ಪರೀಕ್ಷಾ ನೆಲೆ ಉದ್ಘಾಟನೆಗೊಂಡಿತು.

ಮಿನಿ ಡಿವಿಯ ಬಳಕೆಯ ಕಾಲ ಸ್ಥೂಲವಾಗಿ 1995ರಿಂದ 2010ರವರೆಗಿನದು. ಅಂದರೆ ಈ ಬಯಲುಗಳಿಗೆ ಗೋಡೆ ಬೀಳುವ ಮೊದಲಿನ ಕೊನೆಯ ದಶಕದ ಚಲಿಸುವ ಚಿತ್ರಗಳಿಗೆ ಈ ಟೇಪುಗಳೇ ಮುಖ್ಯ ಆಧಾರ. ಜಾತ್ರೆಗೆ ಹೊರಟ ಎತ್ತುಗಳನ್ನು ಚಿತ್ರಿಸಿದವನ ಗಮನ ಎತ್ತುಗಳ ಮೇಲಿದ್ದಿರಬಹುದು. ಅವುಗಳ ಹಿಂದೆ ಹರಡಿದ ಹುಲ್ಲು, ದನಗಳು ನೀರಿಗೆ ಇಳಿಯುವ ಕಟ್ಟೆ, ಹಟ್ಟಿಯಿಂದ ಹಟ್ಟಿಗೆ ಬಯಲನ್ನು ಸೀಳಿಕೊಂಡು ಹೋಗುವ ಕಾಲುದಾರಿ ಇಂದು ಸಂಶೋಧಕನಿಗೆ ಮುಖ್ಯವಾಗುತ್ತವೆ. ಮದುವೆ ಮನೆಯ ವಿಡಿಯೊ ಕೂಡ ಈ ದೃಷ್ಟಿಯಿಂದ ಆಕರವೇ. ದಿಬ್ಬಣ ಯಾವ ದಾರಿಯಲ್ಲಿ ನಡೆಯಿತು, ದಾರಿಯಲ್ಲಿ ಯಾವ ಕಲ್ಲಿಗೆ ಕಾಯಿ ಒಡೆಯಲಾಯಿತು ಎಂಬ ವಿವರಗಳಿಗೆ ಜನಾಂಗಿಕ ಅಧ್ಯಯನದಲ್ಲಿ ಬೆಲೆಯಿದೆ. ಸಂಕಲನಕಾರನು ಕತ್ತರಿಸಿ ಎಸೆದ ಭಾಗದಲ್ಲಿಯೇ ಮುಂದಿನ ತಲೆಮಾರಿನ ಪ್ರಶ್ನೆಗಳಿಗೆ ಉತ್ತರವಿರಬಹುದು. ಸಂಕಲಿತ ಚಿತ್ರಕ್ಕಿಂತ ಮೂಲ ಟೇಪನ್ನು ಉಳಿಸುವುದು ಹೆಚ್ಚು ತುರ್ತಿನದೆಂಬ ವಾದಕ್ಕೆ ಇದೇ ಆಧಾರ.

7. ಉಳಿವಿನ ಪ್ರಶ್ನೆ

'ಎಷ್ಟು ಪ್ರತಿ ತೆಗೆದರೂ ನಷ್ಟವಿಲ್ಲ' ಎಂಬುದು ಡಿಜಿಟಲ್ ಮಾಧ್ಯಮದ ಹೆಗ್ಗಳಿಕೆ. ಅದು ಪ್ರತಿ ತೆಗೆದಾಗ ಮಾತ್ರ ನಿಜ. ತೆಗೆಯದೆ ಬಿಟ್ಟ ಟೇಪು ಕ್ಯಾಸೆಟ್ಟಿಗಿಂತ ಹೆಚ್ಚು ದುರ್ಬಲ. ಹಳೆಯ ಧ್ವನಿ ಟೇಪು ಕ್ಷೀಣಿಸಿದರೆ ಮಂದವಾಗಿಯಾದರೂ ಕೇಳಿಸುತ್ತದೆ; ಡಿವಿ ಟೇಪಿನ ಪಟ್ಟಿ ಕೆಟ್ಟರೆ ಚಿತ್ರ ಚೌಕಚೌಕವಾಗಿ ಒಡೆದು, ದನಿ ಒಮ್ಮೆಗೇ ಇಲ್ಲವಾಗುತ್ತದೆ. ಈ ಸೀಮೆಯ ನವಿರು ಧೂಳು ಕ್ಯಾಮೆರಾದ ಸುತ್ತುವ ತಲೆಗೆ ಮೆತ್ತಿಕೊಂಡು, ಚಿತ್ರೀಕರಣದ ಹಂತದಲ್ಲೇ ಅಂಥ ಬಿರುಕುಗಳನ್ನು ಉಂಟುಮಾಡಿರುವ ಸಾಧ್ಯತೆಯೂ ಇದೆ. ಮಿನಿ ಡಿವಿ ಕ್ಯಾಮೆರಾಗಳ ತಯಾರಿಕೆ ನಿಂತಿದೆ. ಹೊಸ ಗಣಕಗಳಲ್ಲಿ ಫೈರ್‌ವೈರ್ ಕಿಂಡಿಯಿಲ್ಲ. ಟೇಪು ಸುಸ್ಥಿತಿಯಲ್ಲಿದ್ದರೂ ಅದನ್ನು ಓದುವ ಯಂತ್ರ ದೊರೆಯದ ಕಾಲ ಸಮೀಪಿಸಿದೆ.

ಈ ಹಿನ್ನೆಲೆಯಲ್ಲಿ ಗ್ರಂಥಾಲಯಗಳು, ವಿಶ್ವವಿದ್ಯಾಲಯಗಳು ಮತ್ತು ಅಕಾಡೆಮಿಗಳು ಗಮನಿಸಬೇಕಾದ ಸಂಗತಿಗಳಿವೆ. ಮೊದಲನೆಯದಾಗಿ, ಟೇಪಿನಲ್ಲಿರುವ ಡಿವಿ ಸಂಕೇತವನ್ನು ಇದ್ದಂತೆಯೇ ಫೈರ್‌ವೈರ್ ಮೂಲಕ ಇಳಿಸಿಕೊಳ್ಳಬೇಕು. ಡಿವಿಡಿಗೆ ಹೊಂದುವಂತೆ ಮತ್ತೊಮ್ಮೆ ಕುಗ್ಗಿಸಿದ ಪ್ರತಿ ನೋಡಲು ಸಾಕು, ಸಂರಕ್ಷಣೆಗೆ ಸಲ್ಲದು. ಎರಡನೆಯದಾಗಿ, ಹಾಡಿದವರ ಹೆಸರು, ಹಟ್ಟಿ, ಸಂದರ್ಭ, ದಿನಾಂಕ, ಚಿತ್ರಿಸಿದವರ ಹೆಸರು, ಬಳಸಿದ ಯಂತ್ರ, ಪಡೆದ ಅನುಮತಿಯ ಸ್ವರೂಪ ಇವೆಲ್ಲ ಪ್ರತಿಯೊಂದು ಟೇಪಿನೊಡನೆ ದಾಖಲಾಗಬೇಕು. ಟೇಪಿನ ಮೇಲೆ 'ಜಾತ್ರೆ–2' ಎಂದು ಬರೆದ ಚೀಟಿ ಹತ್ತು ವರ್ಷಗಳ ನಂತರ ಯಾರಿಗೂ ಏನನ್ನೂ ಹೇಳದು. ಮೂರನೆಯದಾಗಿ, ನೋಡಲು ಸುಲಭವಾದ ಒಂದು ಪ್ರತಿ ಹಾಡಿದವರ ಊರಿಗೆ ಮರಳಬೇಕು. ಕಳೆದುಕೊಂಡ ಪದವನ್ನು ಮೊಮ್ಮಗಳು ಅಜ್ಜಿಯ ಬಾಯಿಂದಲೇ ಕಲಿಯಬಹುದಾದ ಸಾಧ್ಯತೆ ಇರುವುದು ಆ ಪ್ರತಿಯಲ್ಲಿ. ದಾಖಲೀಕರಣದಿಂದ ಪರಂಪರೆ ಉಳಿಯುತ್ತದೆ ಎಂಬ ಮಾತು ಹಾಗಾದಾಗ ಮಾತ್ರ ಅರ್ಥವತ್ತಾದೀತು. ಇಲ್ಲದಿದ್ದರೆ ಉಳಿಯುವುದು ಕಪಾಟು.

8. ಸಮಾರೋಪ

ಕಿರುಕ್ಯಾಮೆರಾವು ಸ್ವತಂತ್ರ ಚಿತ್ರಕಾರರಿಗೆ ಬಂಡವಾಳದಿಂದ ಬಿಡುಗಡೆ ನೀಡಿತು. ಮೌಖಿಕ ಪರಂಪರೆಗೆ ಅದು ನೀಡಬಹುದಾಗಿದ್ದ ಬಿಡುಗಡೆ ಆಯ್ಕೆಯ ಯಜಮಾನಿಕೆಯಿಂದ: ಯಾವುದು ಹಾಡು, ಯಾವುದು ಪುನರುಕ್ತಿ, ಯಾವುದು ಆಚರಣೆ, ಯಾವುದು ಸಿದ್ಧತೆ, ಯಾವುದು ವಸ್ತು, ಯಾವುದು ಹಿನ್ನೆಲೆ ಎಂದು ಹೊರಗಿನವರೇ ತೀರ್ಮಾನಿಸುವ ಪದ್ಧತಿಯಿಂದ. ಅರ್ಧಗಂಟೆಯ ಚೌಕಟ್ಟು, ಅಂದದ ಮಾನದಂಡ, ಅನುಮತಿಯ ಬಗೆಗಿನ ಉದಾಸೀನ ಇವುಗಳಿಂದ ಆ ಸಾಧ್ಯತೆ ಬಹುಮಟ್ಟಿಗೆ ಸೋರಿಹೋಯಿತು. ಆದರೆ ಕತ್ತರಿಸದೆ ಉಳಿದ ಮೂಲ ಟೇಪು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅದು ಇನ್ನೂ ಜೀವಂತವಾಗಿದೆ.

ಬ್ರಹ್ಮಗಿರಿಯ ಬಂಡೆಯು ಎರಡು ಸಾವಿರಕ್ಕೂ ಮಿಕ್ಕಿದ ವರ್ಷಗಳ ನಂತರವೂ ಓದಿಗೆ ದೊರೆಯುತ್ತದೆ. ಮಿನಿ ಡಿವಿಯ ಟೇಪಿಗೆ ಅಷ್ಟು ಆಯುಸ್ಸಿಲ್ಲ; ಕೆಲವು ದಶಕಗಳಲ್ಲೇ ಅದರ ಗತಿ ತೀರ್ಮಾನವಾಗುತ್ತದೆ. ಚಪಡನು ತನ್ನ ಹೆಸರನ್ನೂ ತನ್ನ ಲಿಪಿಯನ್ನೂ ಬಿಟ್ಟುಹೋದನು. ಆದರೆ ಇಸಿಲವೆಂದು ಆ ಶಾಸನವು ಕರೆಯುವ ಊರಿನಲ್ಲಿ ಅಂದು ಬದುಕಿದ್ದವರ ಹಾಡು ಯಾವುದೆಂದು ತಿಳಿಯುವ ಬಗೆಯಿಲ್ಲ. ಇಂದಿನ ಹಟ್ಟಿಗಳ ಹಾಡು, ಹಾಡಿದವರ ಮುಖ, ಅವರು ನಿಂತ ನೆಲ ಮೂರೂ ಒಂದೇ ಪಟ್ಟಿಯ ಮೇಲೆ ದಾಖಲಾಗಿವೆ. ಅವುಗಳನ್ನು ಹಾಡಿದವರ ಹೆಸರಿನೊಂದಿಗೆ, ಚಿತ್ರಿಸಿದವರ ಹೆಸರಿನೊಂದಿಗೆ ಮುಂದಿನ ಕಾಲಕ್ಕೆ ದಾಟಿಸುವುದು ಸಂಶೋಧನೆಯ ಮುಂದಿರುವ ಕರ್ತವ್ಯ.